ಎಸಿಎಲ್ ಹರಿದಿದೆಯೇ? ಆಪರೇಷನ್‌ಗೆ ಸಹಿ ಹಾಕುವ ಮುನ್ನ

ಕಬಡ್ಡಿ ಅಂಗಳದಲ್ಲಿ ಕಾಲು ತಿರುಚಿತು ಅಥವಾ ಬೈಕ್ ಜಾರಿತು. ಮಂಡಿಯೊಳಗೆ 'ಪಟ್' ಎಂದಿತು, ಕೆಲವೇ ಗಂಟೆಗಳಲ್ಲಿ ಊದಿತು. ಮಂಡಿಯೊಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್, ಅಂದರೆ ಎಸಿಎಲ್, ಹರಿದಿದೆ ಎಂದರೆ ಈ ಸೂಚನೆ ನಿಮಗೆ. ಕೈಕೊಡುವ ಮಂಡಿಯಲ್ಲೇ ಓಡಾಡಿದರೆ ಒಳಗಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿಯಬಹುದು. ಕತ್ತರಿಸಿ ತೆಗೆದ ಮೆನಿಸ್ಕಸ್ ಮತ್ತೆ ಬೆಳೆಯುವುದಿಲ್ಲ. ಮಂಡಿ ಬೇಗ ಸವೆಯುತ್ತದೆ.

ಮಾಡಬೇಕಾದ್ದು

ಪಾದ ತಣ್ಣಗಾದರೆ, ಬೆರಳು ಜೋಮು ಹಿಡಿದರೆ ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೊರಡಿ. ರಕ್ತನಾಳಕ್ಕೆ ಪೆಟ್ಟಾಗಿರಬಹುದು.

ಮಂಡಿ ಅರ್ಧಕ್ಕೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ ತಡಮಾಡದೆ ಸರ್ಜನ್‌ಗೆ ತೋರಿಸಿ.

ಆಪರೇಷನ್ ಬೇಕೇ ಬೇಕೇ ಎಂದು ಮೊದಲು ಕೇಳಿ. 2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 121 ಮಂದಿಯಿದ್ದರು. ಕೂಡಲೇ ಆಪರೇಷನ್ ಆದವರೂ, ಮೊದಲು ವ್ಯಾಯಾಮ ಮಾಡಿ ಬೇಕಾದರಷ್ಟೇ ಆಪರೇಷನ್ ಎಂದವರೂ ಎರಡು ವರ್ಷದ ಬಳಿಕ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದರು. ಎರಡನೇ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿಯವರೆಗೆ ಎಸಿಎಲ್ ಆಪರೇಷನ್ ಮಾಡಿಸಿಕೊಂಡಿರಲಿಲ್ಲ.

ತಿಂಗಳುಗಳು ಕಳೆದರೂ ಮಂಡಿ ಕೈಕೊಡುತ್ತಿದ್ದರೆ ಆಪರೇಷನ್ ಕಡೆಗೇ ಯೋಚಿಸಿ.

ಹಾಸಿಗೆಯ ಮೇಲೆ ಕಾಲು ಚಾಚಿ, ಮಂಡಿಯ ಹಿಂದೆ ಅಂಗೈ ತೂರಿಸಿ ನೋಡಿ. ಇನ್ನೊಂದು ಕಾಲಿಗಿಂತ ಸಂದು ಹೆಚ್ಚಿದ್ದರೆ ಕಾಲು ಇನ್ನೂ ನೆಟ್ಟಗಾಗಿಲ್ಲ.

ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತಿ.

ಆ ಸಂದು ಮುಚ್ಚಿ, ಊತ ಇಳಿದ ಮೇಲೆಯೇ ಆಪರೇಷನ್ ದಿನ ಗೊತ್ತುಮಾಡಿ.

ಹೊಸ ಲಿಗಮೆಂಟ್‌ಗೆ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಎಲ್ಲಿಂದ ತೆಗೆಯುತ್ತಾರೆ ಎಂದು ಕೇಳಿ.

ಟೈಲ್ಸ್ ಕೂರಿಸುವವರು, ನಮಾಜು ಮಾಡುವವರು ಅದನ್ನು ಮೊದಲೇ ಹೇಳಿ. ಮಂಡಿಚಿಪ್ಪಿನ ಕೆಳಗಿನ ಟೆಂಡನ್ ತೆಗೆದರೆ ಮಂಡಿಯೂರುವಾಗ ನೋವು ಉಳಿಯಬಹುದು.

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಟೆಂಡನ್ ಎಂದರೆ ಎಷ್ಟು ದಪ್ಪ ಸಿಕ್ಕೀತು ಎಂದು ವಿಚಾರಿಸಿ. 8 ಮಿ.ಮೀ.ಗಿಂತ ತೆಳುವಾದದ್ದು ಮತ್ತೆ ಹರಿಯುವ ಸಂಭವ ಹೆಚ್ಚು.

ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಟೆಂಡನ್ ಆದೀತೇ ಎಂದೂ ಕೇಳಿ. ಸರ್ಜನ್‌ಗೆ ಅದರ ರೂಢಿ ಇರಬೇಕು.

ವಯಸ್ಸು 25ರೊಳಗಿದ್ದು ಕಬಡ್ಡಿ, ಫುಟ್‌ಬಾಲ್ ಆಡುವವರು ಆಪರೇಷನ್‌ನಲ್ಲೇ ಮಂಡಿಯ ಹೊರಬದಿಗೆ ಹೆಚ್ಚುವರಿ ಬಿಗಿ ಕಟ್ಟುವ ಬಗ್ಗೆ ಚರ್ಚಿಸಿ. 2020ರ ಅಧ್ಯಯನದಲ್ಲಿ ಹ್ಯಾಮ್‌ಸ್ಟ್ರಿಂಗ್ ಹಾಕಿದವರ ಪೈಕಿ ಮತ್ತೆ ಹರಿದದ್ದು ಇದರಿಂದ ಶೇ 11ರಿಂದ ಶೇ 4ಕ್ಕೆ ಇಳಿದಿತ್ತು.

ಮೆನಿಸ್ಕಸ್ ಹರಿದಿದ್ದರೆ ಕತ್ತರಿಸದೆ ಹೊಲಿಯಲು ಸಾಧ್ಯವೇ ಎಂದು ಕೇಳಿ.

ಎಸ್ಟಿಮೇಟ್‌ನಲ್ಲಿ ಸ್ಕ್ರೂ, ಬಟನ್, ಬ್ರೇಸ್, ಫಿಸಿಯೋ ಎಲ್ಲವನ್ನೂ ಬೇರೆಬೇರೆ ಬರೆಸಿಕೊಳ್ಳಿ.

ಫಿಸಿಯೋಗೆ ತಿಂಗಳುಗಟ್ಟಲೆ ಬೇಕಾಗುವ ದುಡ್ಡು ಮೊದಲೇ ತೆಗೆದಿಡಿ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲೇ.

ಮನೆಯಲ್ಲಿ ಕುಕ್ಕರಗಾಲಿನ ಶೌಚಾಲಯ ಮಾತ್ರ ಇದ್ದರೆ ಕಮೋಡ್ ಕುರ್ಚಿ ತರಿಸಿಡಿ.

ಆಪರೇಷನ್ ನಂತರ ಮೀನಖಂಡ ಊದಿದರೆ, ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎದೆನೋವು, ಏದುಸಿರು ಇದ್ದರೆ ಆಂಬುಲೆನ್ಸ್ ಕರೆಯಿರಿ.

ಮಾಡಬಾರದ್ದು

ಎಣ್ಣೆ ಹಚ್ಚಿ ತಿಕ್ಕಿಸುವುದು, ಎಳೆಸುವುದು ಬೇಡ.

ನೋವು ಹೋಯಿತೆಂದು ಅಂಗಳಕ್ಕೆ ಇಳಿಯಬಾರದು. ನೋವು ಹೋಗುತ್ತದೆ, ಹರಿದದ್ದು ಹಾಗೇ ಇರಬಹುದು.

ಎಂಆರ್‌ಐ ಚಿತ್ರವೊಂದನ್ನೇ ನೋಡಿ, ಮಂಡಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸದೆ ಬರೆದ ಆಪರೇಷನ್‌ಗೆ ಒಪ್ಪಬಾರದು.

ಮಂಡಿಯ ಒಳಬದಿಯ ಲಿಗಮೆಂಟ್, ಎಂಸಿಎಲ್, ಮಾತ್ರ ಹರಿದಿದ್ದರೆ ಆಪರೇಷನ್‌ಗೆ ಅವಸರ ಬೇಡ. ಹೆಚ್ಚಿನವು ಬ್ರೇಸ್‌ನಲ್ಲೇ ಕೂಡಿಕೊಳ್ಳುತ್ತವೆ.

ಆಡುವ ಹುಡುಗ, ಹುಡುಗಿಗೆ ದಾನಿಯ ದೇಹದ ಟೆಂಡನ್ ಬೇಡ. ಚಿಕ್ಕ ವಯಸ್ಸಿನಲ್ಲಿ ಅದು ಹೆಚ್ಚು ಸಲ ಹರಿಯುತ್ತದೆ.

ಹರಿದ ಎಸಿಎಲ್ ಅನ್ನೇ ಹೊಲಿದುಬಿಡುತ್ತೇವೆ ಎಂಬ ಮಾತಿಗೆ ಕೂಡಲೇ ತಲೆಯಾಡಿಸಬಾರದು. ಅದು ತೊಡೆಮೂಳೆಯ ಬುಡದಿಂದ ಕಿತ್ತುಬಂದ ಹೊಸ ಗಾಯದ ಕೆಲವರಿಗಷ್ಟೇ.

ಬೆಳೆಯುವ ಮಗುವಿಗೆ ದೊಡ್ಡವರ ಮಾದರಿಯ ಆಪರೇಷನ್ ಮಾಡಿಸಬಾರದು. ಮೂಳೆ ಬೆಳೆಯುವ ಭಾಗಕ್ಕೆ ಪೆಟ್ಟಾದರೆ ಕಾಲು ಸೊಟ್ಟಗಾಗಬಹುದು.

ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಬಾರದು. ಹಾಯೆನಿಸುತ್ತದೆ, ನಿಜ, ಮಂಡಿ ಬಾಗಿದಂತೆಯೇ ಬಿಗಿದುಕೊಳ್ಳುತ್ತದೆ.

ಸರ್ಜನ್ ಒಪ್ಪುವವರೆಗೆ ಚಕ್ಕಳಮಕ್ಕಳ ಬೇಡ.

ಬೀಡಿ, ಸಿಗರೇಟು ಬೇಡ.

ಆಪರೇಷನ್ ಆಗಿ ಒಂಬತ್ತು ತಿಂಗಳಾಗುವ ಮೊದಲು ಆಟ ಬೇಡ. ಟೂರ್ನಮೆಂಟ್ ಇದೆಯೆಂದು ಕೋಚ್ ಮನೆಗೇ ಬಂದು ಕರೆದರೂ ಬೇಡ.

ಒಂಬತ್ತು ತಿಂಗಳಾದರೂ, ತೊಡೆಯ ಬಲ ಇನ್ನೊಂದು ಕಾಲಿನ ಶೇ 90 ದಾಟಿದೆಯೇ ಎಂದು ಅಳೆಸದೆ ಆಡಬಾರದು.