ಮನ್ಯಾಗ ಹಿಂಗಿಲ್ರಿ ಅಕ್ಕೋರ

ಹುಬ್ಬಳ್ಳಿ-ಧಾರವಾಡದ ಪಾಲಕರ ಸಭೆಗಳಲ್ಲಿ ಎರಡು ಮಾತು ಮೇಲಿಂದ ಮೇಲೆ ಕೇಳಿಬರುತ್ತವೆ. ಹುಡುಗ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ ಎಂದು ಶಿಕ್ಷಕಿ ಹೇಳಿದರೆ ತಾಯಿಗೆ ಅಚ್ಚರಿ: ‘ಮನ್ಯಾಗ ಹಿಂಗಿಲ್ರಿ ಅಕ್ಕೋರ, ಬಾಯಿ ಮುಚ್ಚೂದ ಇಲ್ಲ.’ ಪಕ್ಕದಲ್ಲಿರುವ ತಂದೆಗೆ ಮುಜುಗರ: ‘ನಾಲ್ಕ ಬಡೀರಿ, ನಾವೇನೂ ಅನ್ನೂದಿಲ್ಲ.’ ಅಂಕಪಟ್ಟಿಗೆ ಸಹಿ ಬೀಳುತ್ತದೆ, ಮುಂದಿನವರ ಸರದಿ ಬರುತ್ತದೆ. ಕಾಳಜಿ ಇರುವುದರಿಂದಲೇ ಇಬ್ಬರೂ ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಾರೆ. ಆದರೆ ಮಾತು ಶುರುವಾಗಬೇಕಾದ ಕಡೆಯೇ ಮುಗಿದುಹೋಯಿತು.

ತಾಯಿಯ ಮಾತು ಮಗನ ಪರ ವಕಾಲತ್ತಿನಂತೆ ಕೇಳಿಸುತ್ತದೆ. ನಿಜಕ್ಕೂ ಆ ಸಭೆಯಲ್ಲಿ ಶಿಕ್ಷಕಿಗೆ ಸಿಕ್ಕ ಅತ್ಯಂತ ಉಪಯುಕ್ತ ಮಾಹಿತಿ ಅದೇ. ಮನೆಯಲ್ಲಿ ಮಾತುಗಾರ, ಶಾಲೆಯಲ್ಲಿ ಮೌನಿ ಎಂದರೆ ಹುಡುಗನಲ್ಲಿ ಮಾತಿದೆ, ಆ ಜಾಗದಲ್ಲಿ ಆಡುವ ಧೈರ್ಯ ಬರುತ್ತಿಲ್ಲ. ಕಾರಣ ಹಲವು ಇರಬಹುದು. ನಮ್ಮ ಭಾಗದಲ್ಲಿ ನಾನು ಮೊದಲು ನೋಡುವುದು ಭಾಷೆಯನ್ನು. ಮನೆಯಲ್ಲಿ ‘ಸಾಲಿಗೆ ಹೋಗೂದಿಲ್ಲ’ ಎನ್ನುವ ಮಗುವಿನ ಎದುರು ಪುಸ್ತಕ ‘ಶಾಲೆಗೆ ಹೋಗುವುದಿಲ್ಲ’ ಎನ್ನುತ್ತದೆ. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲದ ಅಂತರ. ತನ್ನ ಮನೆಮಾತು ಆಡಿ ಒಮ್ಮೆ ನಗೆಗೀಡಾದ ಏಳು ವರ್ಷದವನಿಗೆ ಹಾಗಲ್ಲ. ಉರ್ದು, ಮರಾಠಿ, ಸಾವಜಿ ಮಾತಿನ ಮನೆಗಳಿಂದ ಬರುವವರಿಗೆ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದವರಿಗೆ ಈ ಅಂತರ ಇನ್ನೂ ದೊಡ್ಡದು. ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂಬುದನ್ನು ನೀವಾಗಿಯೇ ಹೇಳಿಬಿಡಿ. ಹಾಜರಿ ಪುಸ್ತಕದಲ್ಲಿ ಅದು ಕಾಣುವುದಿಲ್ಲ.

ಒಂದು ಎಚ್ಚರಿಕೆ. ಮನೆಯಲ್ಲಿ ಸರಾಗವಾಗಿ ಮಾತಾಡುವ ಮಗು, ಶಾಲೆ ಸೇರಿದ ಮೊದಲ ತಿಂಗಳು ಕಳೆದ ಮೇಲೂ ಅಲ್ಲಿ ವಾರಗಟ್ಟಲೆ ಒಂದು ಮಾತೂ ಆಡದಿದ್ದರೆ ಅದು ಸೆಲೆಕ್ಟಿವ್ ಮ್ಯೂಟಿಸಂ, ಅಂದರೆ ಕೆಲವು ಕಡೆ ಮಾತ್ರ ಮಾತು ಕಟ್ಟುವ ಸ್ಥಿತಿ ಇರಬಹುದು. ಇದರ ಬೇರು ಆತಂಕದಲ್ಲಿದೆ, ಹಟದಲ್ಲಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ತೋರಿಸಿ.

ಇನ್ನು ತಂದೆಯ ಮಾತು. ‘ಬಡೀರಿ’ ಎಂಬುದರ ಹಿಂದೆ ಕ್ರೌರ್ಯವಿಲ್ಲ, ಮಾಸ್ತರರ ಮೇಲಿನ ಹಳೆಯ ಭರವಸೆಯಿದೆ. ತಾನು ಕಲಿತದ್ದೂ ಹಾಗೆಯೇ ಎಂಬ ನೆನಪಿದೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯ್ದೆಯ ಮಾತು ಬದಿಗಿರಲಿ, ಪಕ್ಕದಲ್ಲೇ ನಿಂತ ಮಗು ಏನು ಕೇಳಿಸಿಕೊಂಡಿತು? ಮನೆ ಮತ್ತು ಶಾಲೆ ಒಂದಾಗಿವೆ, ತನ್ನ ವಿರುದ್ಧ. ಅಂಜಿ ಮಾತು ನಿಲ್ಲಿಸಿದ ಮಗುವಿಗೆ ಇನ್ನಷ್ಟು ಅಂಜಿಕೆಯೇ ಮದ್ದಾಗುವುದು ಹೇಗೆ?

ಅದರ ಬದಲು ಒಂದು ಪ್ರಶ್ನೆ ಕೇಳಿ: ‘ಆಟದ ಮೈದಾನದಾಗ ಹೆಂಗಿರ್ತಾನ್ರಿ?’ ದೈಹಿಕ ಶಿಕ್ಷಕರು ಕಾಣುವ ಹುಡುಗ ಗಣಿತದ ಶಿಕ್ಷಕಿಗೆ ಕಾಣುವುದಿಲ್ಲ. ನಿಮ್ಮ ಪ್ರಶ್ನೆಯ ನೆಪದಿಂದಲಾದರೂ ಅವರಿಬ್ಬರು ಸಿಬ್ಬಂದಿ ಕೋಣೆಯಲ್ಲಿ ಅವನ ಬಗ್ಗೆ ಮಾತಾಡುತ್ತಾರೆ. ಖೋಖೋದಲ್ಲಿ ಕೂಗಿ ಆಡುವವನನ್ನು ತಂಡದ ಲೆಕ್ಕ ಬರೆಯಲು ಹಚ್ಚಿದರೆ, ಗಣಿತದ ತರಗತಿಗೆ ಅಲ್ಲಿಂದಲೇ ದಾರಿ ಸಿಗಬಹುದು.

ಮಗು ಸರ್ಕಾರಿ ಶಾಲೆಯಲ್ಲಿದ್ದರೆ ನಿಮಗೆ ಇನ್ನೊಂದು ಬಾಗಿಲಿದೆ: ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಾಲಾ ಸಮಿತಿಗಳಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಅದೇ ಕಾಯ್ದೆಯ 21ನೇ ಕಲಂ ಹೇಳುತ್ತದೆ. ಅಲ್ಲಿ ಕಾಂಪೌಂಡು, ಬಿಸಿಯೂಟದ ಚರ್ಚೆ ನಡೆಯುತ್ತದೆ, ನಡೆಯಲಿ. ಮನೆಮಾತು ಆಡಿದ ಮಗುವನ್ನು ನೋಡಿ ತರಗತಿ ನಗುವುದೂ ಅಲ್ಲಿ ಎತ್ತಬಹುದಾದ ವಿಷಯವೇ.

ಮುಂದಿನ ಸಭೆಯ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮಗನನ್ನು ಕೇಳಿ: ‘ಅಕ್ಕೋರಿಗೆ ನಿನ್ನ ಬಗ್ಗೆ ಏನ ಹೇಳ್ಲಿ?’ ಅವನು ಹೇಳಿದ್ದನ್ನು ತಿದ್ದಬೇಡಿ. ಅವನದೇ ಮಾತಿನಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ.