ಐಸ್‌ನಲ್ಲಿ ಕರಗುವ ದುಡ್ಡು

ನಮ್ಮ ಗೆಳೆಯರ ಗುಂಪು ಆಗಾಗ ಸಕಲೇಶಪುರದ ಕಡೆ ಯಾವುದಾದರೂ ಹೋಮ್‌ಸ್ಟೇ ಹಿಡಿದು ಹೊರಡುತ್ತದೆ. ಖರ್ಚಿನ ಲೆಕ್ಕ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಪೆಟ್ರೋಲು, ಟೋಲು, ಊಟ ಇವುಗಳ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಶುರುವಾಗುವುದು ಕೂಲರ್ ಬ್ಯಾಗಿನ ವಿಷಯಕ್ಕೆ ಬಂದಾಗ. ಒಬ್ಬನಿಗೆ ಎರಡು ದಿನ ಐಸ್ ಕರಗದಂಥ ಗಟ್ಟಿ ಪೆಟ್ಟಿಗೆಯೇ ಬೇಕು. ಅದರ ಬೆಲೆಯಲ್ಲಿ ಒಂದು ಸಣ್ಣ ಫ್ರಿಜ್ಜೇ ಬರುತ್ತದೆ. ನನ್ನದು ಸುಮಾರು ಒಂಬೈನೂರು ರೂಪಾಯಿಯ ಮೆತ್ತನೆಯ ಬ್ಯಾಗ್. ಅದಕ್ಕಿಂತ ಹೆಚ್ಚು ಕೊಡುವ ಅಗತ್ಯ ನನಗಂತೂ ಕಂಡಿಲ್ಲ. ಕಾರಣ ಬ್ಯಾಗಿನಲ್ಲಿಲ್ಲ, ಅದರೊಳಗೆ ತುಂಬುವ ಬಿಯರಿನಲ್ಲಿದೆ.

ನಾವು ತುಂಬುವುದು ಕ್ರಾಫ್ಟ್ ಬಿಯರ್. ಅದರ ಬೆಲೆ ಹೇಗೆ ಏರುತ್ತದೆ ನೋಡಿ. ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ, ರಾಜ್ಯದ ಅಬಕಾರಿ ಸುಂಕಕ್ಕೆ ಸೇರಿದ್ದು. 2023ರ ಜುಲೈ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 175ರಿಂದ 185ಕ್ಕೆ ಏರಿಸಿತು.  ಸುಂಕ ಹೀಗೆ ಶೇಕಡಾ ಲೆಕ್ಕದಲ್ಲಿದ್ದಾಗ, ತಯಾರಕ ಒಳ್ಳೆಯ ಮಾಲ್ಟಿಗೋ ಹೊರದೇಶದಿಂದ ತರಿಸಿದ ಹಾಪ್ಸ್‌ಗೋ ಒಂದು ರೂಪಾಯಿ ಹೆಚ್ಚು ಹಾಕಿದರೆ ಅಂಗಡಿ ಕಟ್ಟೆಯಲ್ಲಿ ನಾವು ಹತ್ತಿರಹತ್ತಿರ ಮೂರು ರೂಪಾಯಿ ತೆರುತ್ತೇವೆ. ಪರಿಮಳಕ್ಕೂ ಸುಂಕ ಕಟ್ಟುತ್ತಿದ್ದೇವೆ ಅನ್ನಿ.

ಈಗ ಲೀಟರ್ ಲೆಕ್ಕಕ್ಕೆ ಬನ್ನಿ. ಕ್ಯಾನು, ಬಾಟಲಿಗಳ ಅಳತೆ ಬೇರೆಬೇರೆ ಇರುವುದರಿಂದ ಕಣ್ಣು ಮೋಸ ಹೋಗುವುದು ಇಲ್ಲೇ. 330 ಮಿ.ಲೀ. ಕ್ರಾಫ್ಟ್ ಕ್ಯಾನಿಗೆ 150 ರೂಪಾಯಿ ಎಂದುಕೊಂಡರೆ ಲೀಟರಿಗೆ 455 ಬೀಳುತ್ತದೆ. 650 ಮಿ.ಲೀ. ಸ್ಟ್ರಾಂಗ್ ಬಾಟಲಿಗೆ 200 ಎಂದುಕೊಂಡರೆ ಲೀಟರಿಗೆ 308. ಕಿಕ್ಕಿನ ಲೆಕ್ಕ ಹಾಕಿದರೆ ಅಂತರ ಇನ್ನೂ ದೊಡ್ಡದು. ಶೇ 5ರ ಕ್ಯಾನಿನಲ್ಲಿ ಇರುವುದು ಹದಿನಾರೂವರೆ ಮಿ.ಲೀ. ಆಲ್ಕೋಹಾಲ್, ಶೇ 8ರ ಸ್ಟ್ರಾಂಗ್ ಬಾಟಲಿಯಲ್ಲಿ 52. ಮಿ.ಲೀ.ಗೆ ಒಂಬತ್ತು ರೂಪಾಯಿ ಒಂದು ಕಡೆ, ನಾಲ್ಕು ರೂಪಾಯಿಗೂ ಕಡಿಮೆ ಇನ್ನೊಂದು ಕಡೆ. ಅಮಲಿಗಾಗಿ ಕುಡಿಯುವವನಿಗೆ ಕ್ರಾಫ್ಟ್ ಬಿಯರ್ ಶುದ್ಧ ನಷ್ಟದ ಬಾಬತ್ತು. ಅದನ್ನು ಕೊಳ್ಳಲು ರುಚಿಯೊಂದೇ ನೆಪ: ವೀಟ್ ಬಿಯರಿನ ಬಾಳೆಹಣ್ಣಿನ ವಾಸನೆ, ಐಪಿಎಯ ಕಹಿ, ಸ್ಟೌಟಿನ ಹುರಿದ ಕಾಫಿಯಂಥ ಘಮ.

ಆ ರುಚಿಗೆ ಅತಿಯಾದ ತಂಪು ಶತ್ರು. ನಾಲ್ಕೈದು ಡಿಗ್ರಿಯಲ್ಲಿ ಲಾಗರ್ ಚೆನ್ನಾಗಿರುತ್ತದೆ, ಗಂಟಲಿಗೆ ಇಳಿದರೆ ಅದರ ಕೆಲಸ ಮುಗಿಯಿತು. ವೀಟ್, ಐಪಿಎಯಂಥ ಏಲ್‌ಗಳು ಬಾಯಿ ಬಿಡುವುದು ಏಳೆಂಟು ಡಿಗ್ರಿಯಿಂದ ಮೇಲೆ, ಸ್ಟೌಟ್ ಹತ್ತು ದಾಟಿದ ಮೇಲೆ. ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ ತೆಗೆದ ಸ್ಟೌಟನ್ನು ಕಣ್ಣು ಮುಚ್ಚಿ ಕುಡಿದರೆ ಕಹಿಯಾದ ತಣ್ಣೀರು, ಅಷ್ಟೆ. ಅಂದಮೇಲೆ ದುಬಾರಿ ಬಿಯರಿಗೆ ಒಮ್ಮೆ, ಅದರ ರುಚಿ ಮುಚ್ಚಿಹಾಕುವ ದುಬಾರಿ ಪೆಟ್ಟಿಗೆಗೆ ಇನ್ನೊಮ್ಮೆ ದುಡ್ಡು ಸುರಿಯುವುದು ಯಾವ ಲೆಕ್ಕ? ಗಟ್ಟಿ ಪೆಟ್ಟಿಗೆ ಬೇಡವೇ ಬೇಡ ಎನ್ನುತ್ತಿಲ್ಲ. ಮೂರು ದಿನ ಕರೆಂಟಿಲ್ಲದ ಕಾಡಿನಲ್ಲಿ ಬಿಡಾರ ಹೂಡುವವರು, ಮೀನು ಹಿಡಿದು ತರುವವರು ಅದನ್ನು ಕೊಳ್ಳಲಿ.

ಬ್ಯಾಗ್ ತಾನಾಗಿ ಏನನ್ನೂ ತಂಪು ಮಾಡುವುದಿಲ್ಲ, ಒಳಗಿದ್ದ ತಂಪನ್ನು ಕಾಯುತ್ತದೆ. ಇದನ್ನು ಮರೆತವರ ದುಡ್ಡು ಐಸ್ ಅಂಗಡಿಗೆ ಹೋಗುತ್ತದೆ. ಅರ್ಧ ಲೀಟರಿನ ಎಂಟು ಕ್ಯಾನುಗಳನ್ನು 28 ಡಿಗ್ರಿಯಿಂದ 5ಕ್ಕೆ ಇಳಿಸಲು ಒಂದು ಕಿಲೋಗೂ ಹೆಚ್ಚು ಮಂಜುಗಡ್ಡೆ ಪೂರ್ತಿ ಕರಗಬೇಕು. ಅದೇ ಕೆಲಸವನ್ನು ಹಿಂದಿನ ರಾತ್ರಿ ಮನೆಯ ಫ್ರಿಜ್ಜಿಗೆ ಒಪ್ಪಿಸಿದರೆ, ಯೂನಿಟ್ಟಿಗೆ ಹತ್ತು ರೂಪಾಯಿ ಎಂದೇ ಹಿಡಿದರೂ ಕರೆಂಟಿನ ಖರ್ಚು ಒಂದು ರೂಪಾಯಿ ಮುಟ್ಟುವುದಿಲ್ಲ. ನಾನು ಐಸ್ ಕೊಳ್ಳುವುದಿಲ್ಲ. ಎರಡು ಒಂದು-ಲೀಟರ್ ಬಾಟಲಿಗಳಲ್ಲಿ ಕುತ್ತಿಗೆಯ ತನಕ ಕುಡಿಯುವ ನೀರು ತುಂಬಿ ಫ್ರೀಜರಿನಲ್ಲಿಡುತ್ತೇನೆ. ತುಂಬಾ ತುಂಬಿದರೆ ಹೆಪ್ಪುಗಟ್ಟುವಾಗ ಹಿಗ್ಗಿ ಬಾಟಲಿ ಸೀಳುತ್ತದೆ. ಬೆಳಗ್ಗೆ ಕ್ಯಾನುಗಳ ಮಧ್ಯೆ ಅವನ್ನು ನಿಲ್ಲಿಸಿ, ಮೇಲಿನ ಖಾಲಿ ಜಾಗಕ್ಕೆ ಹಳೆಯ ಟವಲ್ ತುರುಕಿ ಜಿಪ್ ಎಳೆಯುತ್ತೇನೆ. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿ.ಮೀ. ಅಲ್ಲಿ ತೆರೆದಾಗ ಬಾಟಲಿಯೊಳಗೆ ಮುಷ್ಟಿಯಷ್ಟು ಗಡ್ಡೆ ಇನ್ನೂ ಲೊಡಲೊಡ ಎನ್ನುತ್ತಿರುತ್ತದೆ. ಕ್ಯಾನಿನ ಮೈಮೇಲೆ ತೆಳ್ಳನೆಯ ಬೆವರು, ಅಂದರೆ ಏಲ್‌ಗೆ ಬೇಕಾದ ಹದ. ಕರಗಿದ ನೀರು ಕುಡಿಯಲು, ಹಾಗಾಗಿ ದಾರಿಯಲ್ಲಿ ನೀರಿನ ಬಾಟಲಿ ಕೊಳ್ಳುವ ಖರ್ಚೂ ಇಲ್ಲ.

ಬ್ಯಾಗ್ ಕೊಳ್ಳುವಾಗ ಒಳಗಿನ ಬೆಳ್ಳಿ ಹೊಳಪಿಗೆ ಮರುಳಾಗಬೇಡಿ. ಕೆಲಸ ಮಾಡುವುದು ಅದರ ಹಿಂದಿನ ಫೋಮ್. ಬದಿಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಬಟ್ಟೆ ಮಾತ್ರ ಸಿಕ್ಕರೆ ವಾಪಸ್ ಇಡಿ. ಮೂಲೆಯ ಹೊಲಿಗೆಯಿಂದ ನೀರು ಸೋರುತ್ತದೆ, ಜಿಪ್ಪಿನ ಸಂದಿಯಿಂದ ತಂಪು ಸೋರುತ್ತದೆ. ಕಂಪನಿಯ ಲೋಗೋ ದೊಡ್ಡದಾದಷ್ಟೂ ಬೆಲೆ ಏರುತ್ತದೆ, ಫೋಮ್ ಮಾತ್ರ ಅಷ್ಟೇ ದಪ್ಪ. ಹೋಮ್‌ಸ್ಟೇ ಇಲ್ಲದ ತಿಂಗಳುಗಳಲ್ಲಿ ನನ್ನ ಬ್ಯಾಗಿನಲ್ಲಿ ಹಾಲು, ಮೊಸರು, ದೋಸೆ ಹಿಟ್ಟು ಓಡಾಡುತ್ತವೆ, ಅಮ್ಮನ ಮನೆಯಿಂದ ಬಿಸಿ ಒಬ್ಬಟ್ಟೂ ಬರುತ್ತದೆ. ಮೀನಿಗೆ ಮಾತ್ರ ಪ್ರವೇಶವಿಲ್ಲ, ಆ ವಾಸನೆ ಸಾಬೂನಿಗೆ ಜಗ್ಗುವುದಲ್ಲ.

ಇನ್ನೊಂದು ಖರ್ಚಿದೆ, ಅದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ನೂರು ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದವನು ಸ್ಟಿಯರಿಂಗ್ ಹಿಡಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲವೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. 2019ರ ತಿದ್ದುಪಡಿಯಿಂದ ಬಂದ ಮೊತ್ತವಿದು. ಆದ್ದರಿಂದ ಬ್ಯಾಗ್ ಡಿಕ್ಕಿಯಲ್ಲೇ ಇರುತ್ತದೆ, ಕೋಣೆಯ ಬೀಗ ತೆಗೆಯುವ ತನಕ ಜಿಪ್ ತೆರೆಯುವಂತಿಲ್ಲ. ಕುಡಿಯದ ಗೆಳೆಯನೊಬ್ಬ ಗಾಡಿ ಓಡಿಸುತ್ತಾನೆ, ಅವನ ಊಟದ ಪಾಲು ಉಳಿದವರದು.

ಗಟ್ಟಿ ಪೆಟ್ಟಿಗೆ ಬೇಕೆನ್ನುವ ಗೆಳೆಯ ಇನ್ನೂ ಸೋತಿಲ್ಲ. ಹಲ್ಲು ಜುಮ್ಮೆನ್ನದಿದ್ದರೆ ಅದು ಬಿಯರೇ ಅಲ್ಲ ಎಂಬುದು ಅವನ ವಾದ. ವಾದ ಮಾಡುವುದನ್ನು ಬಿಟ್ಟು ಲೆಕ್ಕದ ಪುಸ್ತಕದಲ್ಲಿ ಕಾಲಮ್ಮು ಎರಡು ಮಾಡಿದ್ದೇನೆ. ಐಸ್ ಬೇಕೆನ್ನುವವರು ಐಸಿನ ದುಡ್ಡು ಕೊಟ್ಟು ಲಾಗರ್ ಕುಡಿಯುತ್ತಾರೆ, ಸ್ಟೌಟ್ ಬೇಕೆನ್ನುವವರು ಸ್ಟೌಟಿನ ದುಡ್ಡು ಕೊಡುತ್ತಾರೆ. ಅವನ ಕಾಲಮ್ಮಿನ ಮೊತ್ತ ಪ್ರತಿ ಸಲವೂ ನನ್ನದಕ್ಕಿಂತ ಕಡಿಮೆ ಇರುತ್ತದೆ, ಅದನ್ನು ಎತ್ತಿ ಆಡುವ ಅವಕಾಶವನ್ನು ಅವನು ಬಿಡುವುದೂ ಇಲ್ಲ.