ಹಳ್ಳಿ ವೈದ್ಯರ ಸೇವಾ ಹಕ್ಕು: ಮನವಿ ಕೊಟ್ಟು ಕೂತರೆ ಕೈತಪ್ಪುವ ಗಡುವು

ಬಯಲು ಪ್ರದೇಶದಲ್ಲಿ ಸುಮಾರು 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರ್ಕಾರದ ಮಾನದಂಡ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ, ಬೂಕನಕೆರೆ, ಸಂತೇಬಾಚಹಳ್ಳಿಯಂಥ ಹೋಬಳಿಗಳಿಗೆ ಬರುವ ವೈದ್ಯರು ಹೊರರೋಗಿಗಳ ಜೊತೆಗೆ ಹೆರಿಗೆ, ಲಸಿಕೆ, ಸಭೆ, ವರದಿ ಎಲ್ಲವನ್ನೂ ನಿಭಾಯಿಸಬೇಕು. ಪಕ್ಕದ ಕೇಂದ್ರದ ಹುದ್ದೆ ಖಾಲಿಯಾದರೆ ಅದರ ಹೊಣೆಯೂ ಅವರ ತಲೆಗೇ. ಸಂಬಳ ತಡವಾಗುವುದು, ರಜೆ ಸಿಗದಿರುವುದು, ಹಲ್ಲೆಯ ಭಯ ಇವೆಲ್ಲ ಸೇರಿ ಕೆಲಸದ ತೃಪ್ತಿಯನ್ನು ಕಿತ್ತುಕೊಳ್ಳುತ್ತವೆ. ಇವುಗಳಿಗೆ ಕಾನೂನಿನಲ್ಲಿ ಪರಿಹಾರವಿದೆ. ಆದರೆ ರೋಗಿಗೆ ಧೈರ್ಯ ಹೇಳುವ ವೈದ್ಯರೇ ಕಚೇರಿಯ ಮೇಜಿನ ಮುಂದೆ ಅಳುಕುತ್ತಾರೆ.

ಮೊದಲು ನೇಮಕದ ಬಗೆ ತಿಳಿಯಬೇಕು. ಕಾಯಂ ವೈದ್ಯಾಧಿಕಾರಿಯ ಸೇವಾ ವ್ಯಾಜ್ಯ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ ಹೋಗುತ್ತದೆ. ಮಂಡ್ಯ ಜಿಲ್ಲೆಯವರಿಗೆ ಅದು ಬೆಂಗಳೂರಿನಲ್ಲಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಸೊಸೈಟಿಯ ಮೂಲಕ ಗುತ್ತಿಗೆಗೆ ಸೇರಿದವರಿಗೆ ಸಾಮಾನ್ಯವಾಗಿ ಹೈಕೋರ್ಟಿನ ರಿಟ್ ಅರ್ಜಿಯೇ ದಾರಿ. ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಳು ವ್ಯರ್ಥವಾಗುತ್ತವೆ.

ಎರಡನೆಯದು ಕಾಗದ. ಹೆಚ್ಚುವರಿ ಪ್ರಭಾರ, ನಿಯೋಜನೆ, ರಜೆ ನಿರಾಕರಣೆ ಯಾವುದೇ ಆಗಲಿ, ಲಿಖಿತ ಆದೇಶ ಕೇಳಬೇಕು. ‘ಸದ್ಯ ನೋಡಿಕೊಳ್ಳಿ, ಆದೇಶ ಆಮೇಲೆ ಬರುತ್ತೆ’ ಎಂದು ಫೋನಿನಲ್ಲಿ ಹೇಳುವ ಅಧಿಕಾರಿ, ಭತ್ಯೆ ಕೇಳಿದ ದಿನ ಆದೇಶವೆಲ್ಲಿ ಎಂದು ಕೇಳುತ್ತಾರೆ. ಇದು ವೈದ್ಯರ ದುಡಿಮೆಯನ್ನು ಕಸಿಯುವ ಕೆಲಸ. ಆದೇಶ ಕೊಡದಿದ್ದರೆ, ಮೌಖಿಕ ಸೂಚನೆಯಂತೆ ಇಂಥ ದಿನದಿಂದ ಪ್ರಭಾರ ವಹಿಸಿದ್ದೇನೆ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ ಬರೆದು ಸ್ವೀಕೃತಿ ಪಡೆಯಬೇಕು. ಟಪಾಲು ವಿಭಾಗದಲ್ಲಿ ಮೊಹರು ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು.

ಮೂರನೆಯದು ಮನವಿ. ಹಲವು ವೈದ್ಯರು ಹಕ್ಕು ಕಳೆದುಕೊಳ್ಳುವುದು ಇಲ್ಲಿಯೇ. ಬಡ್ತಿ ತಪ್ಪಿದೆ ಎಂದು ಮನವಿ ಕೊಡುತ್ತಾರೆ. ‘ಕಡತ ಮೇಲಕ್ಕೆ ಹೋಗಿದೆ, ಇನ್ನೊಂದು ಮನವಿ ಕೊಡಿ’ ಎನ್ನುತ್ತದೆ ಕಚೇರಿ. ಎರಡನೆಯದು, ಮೂರನೆಯದು ಕೊಡುತ್ತಾ ವರ್ಷಗಳು ಉರುಳುತ್ತವೆ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 21ನೇ ಕಲಂ ಪ್ರಕಾರ, ಅಂತಿಮ ಆದೇಶ ಬಂದಿದ್ದರೆ ಅಂದಿನಿಂದ 1 ವರ್ಷದೊಳಗೆ ಅರ್ಜಿ ಹಾಕಬೇಕು. ಮೇಲ್ಮನವಿಗೋ ಮನವಿಗೋ ಉತ್ತರ ಬಾರದಿದ್ದರೆ 6 ತಿಂಗಳು ಕಾದು, ಆ ಬಳಿಕ 1 ವರ್ಷದೊಳಗೆ ಹಾಕಬೇಕು. ಮತ್ತೆ ಮತ್ತೆ ಕೊಟ್ಟ ಮನವಿಗಳಿಂದ ಈ ಗಡುವು ಬೆಳೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಎಸ್.ಎಸ್. ರಾಥೋಡ್ ಪ್ರಕರಣದಲ್ಲೇ ಹೇಳಿದೆ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು. ‘ಸಾಹೇಬರು ಕಾಯಲು ಹೇಳಿದರು’ ಎಂಬುದನ್ನು ಸಕಾರಣವೆಂದು ನಂಬಿ ಕೂರುವಂತಿಲ್ಲ.

ವಿನಾಯಿತಿಗಳೂ ಇವೆ. ತಪ್ಪು ವೇತನ ನಿಗದಿಯಿಂದ ಪ್ರತಿ ತಿಂಗಳೂ ನಷ್ಟವಾಗುತ್ತಿದ್ದರೆ ತಡವಾಗಿಯೂ ಪ್ರಶ್ನಿಸಬಹುದು, ಆದರೆ ಹಳೆಯ ಬಾಕಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ 3 ವರ್ಷಕ್ಕಷ್ಟೇ ದಕ್ಕುತ್ತದೆ. ವರ್ಗಾವಣೆಗೆ ತಡೆಯಾಜ್ಞೆ ಬೇಕಿದ್ದರೆ ತಿಂಗಳುಗಟ್ಟಲೆ ಕಾಯದೆ ಕೂಡಲೇ ವಕೀಲರನ್ನು ಕಾಣಬೇಕು. ಹೈಕೋರ್ಟಿನ ರಿಟ್‌ಗೆ ನಿಗದಿತ ಗಡುವಿಲ್ಲ, ಆದರೆ ವಿಳಂಬವೇ ಅರ್ಜಿ ವಜಾಕ್ಕೆ ಕಾರಣವಾಗಬಹುದು.

ಕಡತ ಎಲ್ಲಿದೆ ಎಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು. 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ವರ್ಗಾವಣೆ ‘ಮಾಡಿಸಿಕೊಡುವ’ ಮಧ್ಯವರ್ತಿಗೆ ಹಣ ಕೊಡುವುದು ಅಪರಾಧ. ರಾಜಕೀಯ ಪ್ರಭಾವ ತರುವುದನ್ನು ನಡತೆ ನಿಯಮಗಳು ನಿಷೇಧಿಸಿವೆ. ಶಿಫಾರಸು ಪತ್ರವೇ ವೈದ್ಯರಿಗೆ ಮುಳುವಾಗಬಹುದು.

ಗುತ್ತಿಗೆ ವೈದ್ಯೆಯರಿಗೆ ಹೆರಿಗೆ ರಜೆ ಇಲ್ಲ ಎಂದು ಹೇಳುವವರನ್ನು ನಂಬಬಾರದು. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ, ಮೊದಲ ಎರಡು ಮಕ್ಕಳಿಗೆ ತಲಾ 26 ವಾರಗಳ ಸಂಬಳಸಹಿತ ರಜೆ ಸಿಗಬೇಕು. ಗುತ್ತಿಗೆ ನಡುವೆ ಮುಗಿದರೂ ಈ ಸೌಲಭ್ಯ ನಿಲ್ಲದು ಎಂದು 2023ರಲ್ಲಿ ಡಾ. ಕವಿತಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಆಸ್ಪತ್ರೆಯಲ್ಲಿ ಹಲ್ಲೆ ನಡೆದರೆ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ ರಾಜ್ಯದ 2009ರ ಕಾಯ್ದೆ ಅನ್ವಯಿಸುತ್ತದೆ. ಅಪರಾಧ ಜಾಮೀನುರಹಿತ, ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು. ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ. ಊರ ಮುಖಂಡರು ರಾಜಿಗೆ ಕೂರಿಸಿ ಬಿಳಿ ಹಾಳೆಗೆ ಸಹಿ ಕೇಳಿದರೆ ಹಾಕಬಾರದು.

ಮನವಿಯ ಸ್ವೀಕೃತಿ ಪ್ರತಿಯ ಮೇಲೆಯೇ ಆರು ತಿಂಗಳು ತುಂಬುವ ದಿನ, ಅದರಾಚೆಗಿನ ಒಂದು ವರ್ಷ ಮುಗಿಯುವ ದಿನ ಎರಡನ್ನೂ ಬರೆದಿಡಬೇಕು. ಎರಡನೆಯ ದಿನಾಂಕ ಬರುವ ಮೊದಲೇ ಅರ್ಜಿ ನ್ಯಾಯಮಂಡಳಿಯಲ್ಲಿರಬೇಕು.